ಕಪ್ಪೆಯಿಂದ ಏನು ಉಪಯೋಗ?

ಪುಣೆಯಲ್ಲಿ ನಾವಿರುವ ಸೊಸೈಟಿಯ ಹಿಂದೆ ಒಂದು ಖಾಲಿ ಸೈಟಿದೆ. ಪಾಯ ತೋಡಿದ ಮೇಲೆ ಏನೋ ತಕರಾರಾಗಿ ಕೆಲಸ ನಿಂತು ವರ್ಷಗಳೇ ಆದವು. ಜೂನ್‌ನಲ್ಲಿ ಎರಡು ಮಳೆ ಬಿದ್ದರೆ ಸಾಕು, ಆ ಹೊಂಡ ಕೆರೆಯಾಗುತ್ತದೆ. ಆ ರಾತ್ರಿಯೇ ಕಪ್ಪೆಗಳ ಕಚೇರಿ ಶುರು. ಕಳೆದ ವರ್ಷ ಒಂದು ರಾತ್ರಿ ಹನ್ನೊಂದೂವರೆಗೆ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಒಬ್ಬರು ಕೇಳಿದರು: ಇವಕ್ಕೆ ಪೆಸ್ಟ್ ಕಂಟ್ರೋಲ್‌ನವರನ್ನು ಕರೆಸಲು ಬರುವುದಿಲ್ಲವೇ? ಮಗುವಿಗೆ ನಿದ್ದೆಯಿಲ್ಲ, ಬೆಳಿಗ್ಗೆ ಆರಕ್ಕೆ ಕಾಲ್ ಇದೆ. ಇನ್ನಿಬ್ಬರು ಹೌದು ಹೌದು ಎಂದರು. ನಾನು ಒಂದು ಸಾಲು ಬರೆದೆ: ಕಪ್ಪೆಗಳು ಸೊಳ್ಳೆ ತಿನ್ನುತ್ತವೆ, ಇವು ಹೋದರೆ ಸೊಳ್ಳೆ ಹೆಚ್ಚುತ್ತವೆ. ಹತ್ತಾರು ಹೆಬ್ಬೆರಳುಗಳು ಎದ್ದವು. ವಿಷಯ ಮುಗಿಯಿತು.

ಮುಗಿದದ್ದು ತೀರಾ ಸಲೀಸಾಗಿ ಎನ್ನುವುದೇ ಆಮೇಲೆ ನನ್ನನ್ನು ಕಾಡತೊಡಗಿತು. ಆ ಜಾತಿಯ ಸಾಲುಗಳನ್ನು ಬರೆಯುವುದು ನನ್ನ ಕಸುಬಿನ ಭಾಗ. ಬಜೆಟ್ ಕತ್ತರಿಸುವ ಕಾಲ ಬಂದಾಗ ತಂಡದ ಪ್ರತಿಯೊಬ್ಬರ ಹೆಸರಿನ ಮುಂದೆ, ಇವರನ್ನು ಯಾಕೆ ಇಟ್ಟುಕೊಳ್ಳಬೇಕು ಎಂದು ಒಂದು ಸಾಲು ಬರೆದುಕೊಡುತ್ತೇನೆ. ಗೆಲ್ಲುವ ಸಾಲು ಯಾವುದೆಂದು ಗೊತ್ತು: ಇವರು ಹೋದರೆ ನಿಮಗೆ ಇಷ್ಟು ನಷ್ಟ. ಕಪ್ಪೆಯ ಪರವಾಗಿಯೂ ಅದೇ ಸಾಲು ಬರೆದಿದ್ದೆ. ಗುಂಪಿನಲ್ಲಿ ಯಾರಾದರೂ, ‘ಸರಿ, ಸೊಳ್ಳೆ ತಿನ್ನದ ಕಪ್ಪೆಯಾಗಿದ್ದರೆ?’ ಎಂದು ಕೇಳಿದ್ದರೆ ಆ ಸಾಲಿನಲ್ಲಿ ಉತ್ತರವಿರಲಿಲ್ಲ. ಉಪಯೋಗಕ್ಕೆ ಬರುವುದರಿಂದಲೇ ಒಂದು ಜೀವಕ್ಕೆ ಬದುಕುವ ಹಕ್ಕು ಬರುತ್ತದೆಯೇ ಎಂಬುದು ಪ್ರಶ್ನೆ.

ಸೊಳ್ಳೆಯ ಮಾತು ಸುಳ್ಳಲ್ಲ. ಕೋಸ್ಟರಿಕಾ ಮತ್ತು ಪನಾಮಾಗಳಲ್ಲಿ ಒಂದು ಶಿಲೀಂಧ್ರ ರೋಗದಿಂದ ಕಪ್ಪೆಗಳು ರಾಶಿರಾಶಿಯಾಗಿ ಸತ್ತವು. ಅದಾದ ನಂತರದ ವರ್ಷಗಳಲ್ಲಿ ಅಲ್ಲಿ ಮಲೇರಿಯಾ ಏರಿತೆಂದು, ಎರಡಕ್ಕೂ ನಂಟಿದೆಯೆಂದು 2022ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಆದರೆ ಕಪ್ಪೆ ನಮಗೋಸ್ಕರ ಸೊಳ್ಳೆ ತಿನ್ನುತ್ತಿಲ್ಲ. ಅದರ ಊಟದ ನಿಯಮ ಎರಡೇ: ಅಲುಗಾಡಬೇಕು, ಬಾಯಲ್ಲಿ ಹಿಡಿಸಬೇಕು. ಗದ್ದೆಯ ಹುಳು, ಮಿಡತೆ, ಗೆದ್ದಲು, ಎರೆಹುಳ, ಜೇಡ, ಜೇನ್ನೊಣ, ಯಾವುದೂ ಆದೀತು. ನಮ್ಮ ಗದ್ದೆಗಳಲ್ಲಿ ಕಾಣುವ, ಮಳೆ ಬಂದೊಡನೆ ಗಂಡುಗಳು ನಿಂಬೆಹಣ್ಣಿನಂತೆ ಹಳದಿಯಾಗುವ ಆ ದೊಡ್ಡ ಬುಲ್‌ಫ್ರಾಗ್ ಇದೆಯಲ್ಲ, ಅದು ಇಲಿಮರಿಯನ್ನೂ ನುಂಗುತ್ತದೆ, ತನಗಿಂತ ಸಣ್ಣ ಕಪ್ಪೆಯನ್ನೂ ನುಂಗುತ್ತದೆ. ಪೀಡೆ ಯಾವುದು, ಮಿತ್ರ ಯಾವುದು ಎಂಬ ಪಟ್ಟಿ ಅದರ ಬಳಿ ಇಲ್ಲ. ‘ರೈತಮಿತ್ರ’ ಎಂಬ ಬಿರುದು ನಾವು ಕೊಟ್ಟದ್ದು, ನಮ್ಮ ಲೆಕ್ಕಕ್ಕೆ.

ಹಾಗಿದ್ದೂ ಆ ಲೆಕ್ಕ ಒಮ್ಮೆ ಕೋಟ್ಯಂತರ ಕಪ್ಪೆಗಳ ಜೀವ ಉಳಿಸಿತು. 1970ರ, 80ರ ದಶಕಗಳಲ್ಲಿ ಭಾರತ ಯುರೋಪ್ ಮತ್ತು ಅಮೆರಿಕಕ್ಕೆ ಕಪ್ಪೆಕಾಲು ರಫ್ತು ಮಾಡುವ ದೊಡ್ಡ ದೇಶವಾಗಿತ್ತು. 80ರ ದಶಕದ ಆರಂಭದಲ್ಲಿ ವರ್ಷಕ್ಕೆ 4,000 ಟನ್‌ಗೂ ಮಿಕ್ಕಿ ಕಾಲುಗಳು ಹಡಗು ಹತ್ತುತ್ತಿದ್ದವು. ಬರೀ ಕಾಲು. ಮಳೆಗಾಲದ ರಾತ್ರಿ ಕಂದೀಲು ಹಿಡಿದು ಗದ್ದೆಗಿಳಿದು ಹಿಡಿದ ಕಪ್ಪೆಗಳು, ಹೆಚ್ಚಿನವು ಆಗಷ್ಟೇ ಸಂಗಾತಿಯನ್ನು ಕರೆಯಲು ಹೊರಬಂದವು. ಜೀವವಿರುವಾಗಲೇ ಕತ್ತರಿಸುತ್ತಿದ್ದರೆಂದು ಪ್ರಾಣಿದಯೆಯವರು ಎಷ್ಟೋ ಕೂಗಿದರು. 1987ರಲ್ಲಿ ರಫ್ತು ನಿಂತಿತು. ಆದರೆ ಆ ವಾದದಲ್ಲಿ ಬಲ ತುಂಬಿದ್ದು ಕಪ್ಪೆಯ ನೋವಲ್ಲ, ಕೀಟನಾಶಕದ ಬಿಲ್ಲು. ಕಪ್ಪೆಕಾಲು ಮಾರಿ ಬರುವ ವಿದೇಶಿ ವಿನಿಮಯ ಒಂದು ಕಡೆ, ಕಪ್ಪೆ ಇಲ್ಲದ ಗದ್ದೆಗೆ ಸುರಿಯಬೇಕಾದ ಔಷಧಿಯ ಖರ್ಚು ಇನ್ನೊಂದು ಕಡೆ. ತಕ್ಕಡಿ ಈ ಕಡೆ ವಾಲಿತು. ವಾಲಿದ್ದು ಒಳ್ಳೆಯದೇ ಆಯಿತು ಅನ್ನಿ.

ಆದರೆ ಯುರೋಪಿನವರ ಊಟದ ತಟ್ಟೆ ಖಾಲಿಯಾಗಲಿಲ್ಲ. ವ್ಯಾಪಾರ ಇಂಡೋನೇಷ್ಯಾಕ್ಕೆ ಹೋಯಿತು, ಅಲ್ಲಿಂದ ಇಂದಿಗೂ ಕಾಲುಗಳು ಹೋಗುತ್ತಿವೆ. ನಮ್ಮ ಕಪ್ಪೆ ಬದುಕಿದ್ದು ಅದು ಸತ್ತರೆ ಬರುವ ದುಡ್ಡಿಗಿಂತ ಬದುಕಿದ್ದರೆ ಉಳಿಯುವ ದುಡ್ಡು ಹೆಚ್ಚೆಂದು ಯಾರೋ ತೋರಿಸಿಕೊಟ್ಟದ್ದರಿಂದ. ಹೀಗೆ ಗೆದ್ದ ಕೇಸು ಎಂದೂ ಮುಗಿಯುವುದಿಲ್ಲ. ನಾಳೆ ಇನ್ನೊಬ್ಬರು ಇನ್ನೊಂದು ಅಂಕಿ ತಂದು ಅದನ್ನು ಮತ್ತೆ ತೆರೆಯಬಹುದು. ಸೊಳ್ಳೆಗೆ ಅಗ್ಗದ ಬೇರೆ ಉಪಾಯ ಸಿಕ್ಕ ದಿನ ನಮ್ಮ ಹೊಂಡದ ಕಪ್ಪೆಗಳ ಪರವಾದ ವಕೀಲಿಯೂ ಮುಗಿಯಿತು.

ಉಪಯೋಗ ಮುಗಿದ ಮೇಲೆ ಏನಾಗುತ್ತದೆ ಎಂಬುದಕ್ಕೆ ಆಫ್ರಿಕಾದ ಉಗುರುಗಪ್ಪೆಯ ಕತೆ ನೋಡಿ. 1930ರ ದಶಕದಲ್ಲಿ ವಿಜ್ಞಾನಿಗಳು ಕಂಡುಕೊಂಡದ್ದು: ಬಸಿರಿ ಹೆಂಗಸಿನ ಮೂತ್ರವನ್ನು ಈ ಹೆಣ್ಣುಕಪ್ಪೆಗೆ ಚುಚ್ಚಿದರೆ ಮರುದಿನದೊಳಗೆ ಅದು ಮೊಟ್ಟೆ ಇಡುತ್ತದೆ. ಇಲಿ, ಮೊಲಗಳಲ್ಲಿ ಮಾಡುತ್ತಿದ್ದ ಪರೀಕ್ಷೆಯಂತೆ ಕೊಂದು ಕೊಯ್ದು ನೋಡಬೇಕಿಲ್ಲ, ಅದೇ ಕಪ್ಪೆಯನ್ನು ಮತ್ತೆ ಮತ್ತೆ ಬಳಸಬಹುದು. ದಕ್ಷಿಣ ಆಫ್ರಿಕಾದಿಂದ ಸಾವಿರಾರು ಕಪ್ಪೆಗಳು ಲೋಕದ ಆಸ್ಪತ್ರೆಗಳಿಗೆ ಹೋದವು. ನಮ್ಮ ಅಜ್ಜಿಯರ ಕಾಲದ ಎಷ್ಟೋ ವಿಲಾಯತಿ ತಾಯಂದಿರಿಗೆ ಶುಭಸುದ್ದಿ ಮೊದಲು ಹೇಳಿದ್ದು ಈ ಕಪ್ಪೆ. 60ರ ದಶಕದಲ್ಲಿ ಕಿಟ್‌ಗಳು ಬಂದವು, ಆ ಕೆಲಸ ಹೋಯಿತು. ಪ್ರಯೋಗಾಲಯಗಳಿಂದಲೂ ಸಾಕಿದವರ ಮನೆಗಳಿಂದಲೂ ತಪ್ಪಿಸಿಕೊಂಡವು, ಬಿಟ್ಟುಬಿಟ್ಟವು ಇವತ್ತು ಚಿಲಿ, ಫ್ರಾನ್ಸ್, ಅಮೆರಿಕದ ನೀರುಗಳಲ್ಲಿವೆ, ಅಲ್ಲಿಯ ಜೀವಿಗಳನ್ನು ತಿನ್ನುತ್ತಿವೆ. ಈಗ ಅವುಗಳ ಹೆಸರು ಆಕ್ರಮಣಕಾರಿ ಪ್ರಭೇದ. ಕರೆದವರು ನಾವು, ಆಕ್ರಮಣ ಅವುಗಳದ್ದು!

ನಮ್ಮ ರೈತಮಿತ್ರನಿಗೂ ಇದೇ ಗತಿಯಾಗಿದೆ. ಮೇನ್‌ಲ್ಯಾಂಡಿನಿಂದ ಅಂಡಮಾನಿಗೆ ಹೋದ ಬುಲ್‌ಫ್ರಾಗ್ ಅಲ್ಲಿ ಹಬ್ಬಿದೆ; ಅದರ ಗೊದಮೊಟ್ಟೆಗಳು ಮಾಂಸಾಹಾರಿ, ದ್ವೀಪದ ಸ್ವಂತ ಕಪ್ಪೆಗಳ ಗೊದಮೊಟ್ಟೆಗಳನ್ನು ತಿಂದು ಹಾಕುತ್ತವೆ. ಅದೇ ಪ್ರಾಣಿ, ಅದೇ ಹಸಿವು. ಧಾರವಾಡದ ಗದ್ದೆಯಲ್ಲಿ ಮಿತ್ರ, ಅಂಡಮಾನಿನಲ್ಲಿ ಪೀಡೆ. ಊರು ಬಿಟ್ಟು ಬಂದ ನಮ್ಮಂಥವರಿಗೆ ಈ ಜಾತಿಯ ಮಾತು ಕಿವಿಗೆ ಹೊಸದಲ್ಲ, ಹಾಗಾಗಿ ಹೋಲಿಕೆಯ ಆಸೆ ಹುಟ್ಟುತ್ತದೆ. ಆ ಹೋಲಿಕೆಯನ್ನು ನಾನು ಒಪ್ಪುವುದಿಲ್ಲ. ಅಂಡಮಾನಿನ ಗೊದಮೊಟ್ಟೆಗೆ ಆಗುತ್ತಿರುವ ಹಾನಿ ರೂಪಕವಲ್ಲ, ನಿಜವಾದ ಹಾನಿ. ಅಲ್ಲಿ ಬುಲ್‌ಫ್ರಾಗನ್ನು ತಡೆಯಬೇಕೆನ್ನುವವರು ಹೇಳುವುದರಲ್ಲಿ ನ್ಯಾಯವಿದೆ. ನಾನು ಹೇಳುವುದಿಷ್ಟೇ: ತಡೆಯುವಾಗಲೂ ಅದು ಅಪರಾಧಿಯೆಂದು ತಡೆಯುವುದು ಬೇರೆ, ನಾವು ತಂದಿಟ್ಟ ಇಕ್ಕಟ್ಟಿನಲ್ಲಿ ಎರಡು ಜೀವಗಳಲ್ಲಿ ಒಂದನ್ನು ಆರಿಸಬೇಕಾಗಿದೆ ಎಂದು ತಿಳಿದು ತಡೆಯುವುದು ಬೇರೆ.

ಇನ್ನೊಂದು ಕತೆ ಹೇಳಿದರೆ ನನ್ನ ಕಿರಿಕಿರಿ ಸ್ಪಷ್ಟವಾದೀತು. ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನಲ್ಲಿ ಒಂದು ಕಪ್ಪೆಯಿತ್ತು. ತಾಯಿ ತನ್ನ ಮೊಟ್ಟೆಗಳನ್ನು ನುಂಗಿ, ಜಠರದ ಆಮ್ಲವನ್ನು ನಿಲ್ಲಿಸಿ, ವಾರಗಟ್ಟಲೆ ಉಪವಾಸವಿದ್ದು, ಹೊಟ್ಟೆಯನ್ನೇ ಗರ್ಭವಾಗಿಸಿಕೊಂಡು, ಕೊನೆಗೆ ಬಾಯಿಂದ ಮರಿಗಳನ್ನು ಹೊರಬಿಡುತ್ತಿತ್ತು. ವಿಜ್ಞಾನ ಅದಕ್ಕೆ ಹೆಸರಿಟ್ಟದ್ದು 1973ರಲ್ಲಿ. 1980ರ ದಶಕದ ಆರಂಭದ ಹೊತ್ತಿಗೆ ಅದು ಇಲ್ಲ. ಅದರ ನಂಟಿನ ಇನ್ನೊಂದು ಪ್ರಭೇದ 1984ರಲ್ಲಿ ಸಿಕ್ಕಿತು, ಮರುವರ್ಷವೇ ಕಾಣೆಯಾಯಿತು. ಈ ಕಪ್ಪೆಯ ಬಗ್ಗೆ ಓದಿದಲ್ಲೆಲ್ಲ ಒಂದು ನಿಟ್ಟುಸಿರು ಎದುರಾಗುತ್ತದೆ: ಅಯ್ಯೋ, ಆಮ್ಲ ನಿಲ್ಲಿಸುವ ಅದರ ಗುಟ್ಟು ತಿಳಿದಿದ್ದರೆ ಅಲ್ಸರ್‌ಗೆ ಔಷಧಿ ಸಿಗುತ್ತಿತ್ತಲ್ಲ! ಲಕ್ಷಾಂತರ ವರ್ಷ ಹೊಟ್ಟೆಯಲ್ಲಿ ಮಕ್ಕಳನ್ನು ಹೊತ್ತ ಒಂದು ಕುಲ ನಾಶವಾಗಿದೆ, ನಾವು ಅಳುತ್ತಿರುವುದು ಸಿಗದೆ ಹೋದ ಮಾತ್ರೆಗೆ. ಸತ್ತವರ ಮನೆಗೆ ಹೋಗಿ, ಅವರು ಹಳೆಯ ಸಾಲ ಕೊಡಬೇಕಿತ್ತು ಎಂದು ಕಣ್ಣೀರು ಒರೆಸಿಕೊಂಡ ಹಾಗೆ.

ಹಿಂದಿನವರು ಹೀಗಿರಲಿಲ್ಲ ಎಂದು ಹೇಳಿ ಬಚಾವಾಗಲು ನನಗೆ ಮನಸ್ಸಿಲ್ಲ. ಋಗ್ವೇದದ ಏಳನೆಯ ಮಂಡಲದಲ್ಲಿ ಕಪ್ಪೆಗಳ ಮೇಲೆಯೇ ಒಂದು ಸೂಕ್ತವಿದೆ. ವರ್ಷವಿಡೀ ಮಲಗಿದ್ದು ಮಳೆಗೆ ಎದ್ದು ದನಿ ತೆಗೆಯುವ ಕಪ್ಪೆಗಳನ್ನು ಅದು ವ್ರತ ಹಿಡಿದ ಬ್ರಾಹ್ಮಣರಿಗೆ, ಒಬ್ಬರ ಮಾತನ್ನು ಇನ್ನೊಬ್ಬರು ಹೇಳುವ ಪಾಠಶಾಲೆಗೆ ಹೋಲಿಸುತ್ತದೆ. ಕವಿ ಕಪ್ಪೆಯನ್ನು ಚೆನ್ನಾಗಿ ನೋಡಿದ್ದಾನೆ, ಬಣ್ಣಗಳ ವ್ಯತ್ಯಾಸವನ್ನೂ ಬಿಟ್ಟಿಲ್ಲ. ಆದರೂ ಕೊನೆಗೆ ಬಂದು ನಿಲ್ಲುವುದು ಸಂಪತ್ತಿಗೆ, ನೂರಾರು ಹಸುಗಳಿಗೆ. ನಮ್ಮ ಹಳ್ಳಿಗಳಲ್ಲಿ ಮಳೆ ತಡವಾದರೆ ಕಪ್ಪೆಗಳಿಗೆ ಮದುವೆ ಮಾಡುತ್ತಾರೆ. 2019ರಲ್ಲಿ ಭೋಪಾಲದವರು ಒಂದು ಹೆಜ್ಜೆ ಮುಂದೆ ಹೋದರು: ಮಳೆಗೆಂದು ಜುಲೈನಲ್ಲಿ ಕಪ್ಪೆಮದುವೆ ಮಾಡಿ, ಮಳೆ ವಿಪರೀತವಾದಾಗ ಸೆಪ್ಟೆಂಬರಿನಲ್ಲಿ ಆ ಜೋಡಿಗೆ ಶಾಸ್ತ್ರೋಕ್ತವಾಗಿ ವಿಚ್ಛೇದನ ಕೊಡಿಸಿದರು. ಇಷ್ಟು ಪ್ರಾಮಾಣಿಕವಾದ ಕಾಂಟ್ರ್ಯಾಕ್ಟ್ ನಾನು ಆಫೀಸಿನಲ್ಲೂ ನೋಡಿಲ್ಲ.

ಆಫೀಸಿನ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ. ನಾಯಕತ್ವದ ತರಬೇತಿಗಳಲ್ಲಿ ತಪ್ಪದೆ ಬರುವ ಒಂದು ಸ್ಲೈಡ್ ಇದೆ: ನೀರನ್ನು ನಿಧಾನಕ್ಕೆ ಕಾಯಿಸಿದರೆ ಕಪ್ಪೆಗೆ ಗೊತ್ತಾಗದೆ ಬೆಂದುಹೋಗುತ್ತದೆ, ಆದ್ದರಿಂದ ಬದಲಾವಣೆಯನ್ನು ಗಮನಿಸುತ್ತಿರಿ. ಇದು ಸುಳ್ಳು. ಜರ್ಮನಿಯ ಗೋಲ್ಟ್ಸ್ 1869ರಲ್ಲಿ ಪ್ರಯೋಗ ಮಾಡಿ ನೋಡಿದಾಗ, ನೀರು ಬಿಸಿಯಾದಂತೆ ಕಪ್ಪೆ ತಪ್ಪಿಸಿಕೊಳ್ಳಲು ಒದ್ದಾಡಿತು. ಸುಮ್ಮನೆ ಕೂತದ್ದು ಮೆದುಳು ತೆಗೆದ ಕಪ್ಪೆ. ಮೆದುಳಿಲ್ಲದ ಕಪ್ಪೆಯ ಪಾಠವನ್ನು ನಾವು ಇಷ್ಟು ವರ್ಷ ಹಂಚುತ್ತಾ ಬಂದಿದ್ದೇವೆ. ಕೂಪಮಂಡೂಕ ಎಂಬ ನಮ್ಮ ಬೈಗುಳವೂ ಇದೇ ಜಾತಿ. ಪಾಠಕ್ಕೆ ಬೇಕಾದಾಗ ಕಪ್ಪೆ ಬೇಕು, ಕಪ್ಪೆ ನಿಜಕ್ಕೂ ಹೇಗಿದೆ ಎಂಬುದು ಬೇಡ. ಅದೂ ಒಂದು ಬಗೆಯ ಬಳಕೆಯೇ.

ನಿಜಕ್ಕೂ ಹೇಗಿದೆ? ಲೋಕದಲ್ಲಿ ಹೆಸರು ಪಡೆದ ಕಪ್ಪೆಗಳೇ 7,000ಕ್ಕೂ ಮಿಕ್ಕಿ. ಉತ್ತರ ಅಮೆರಿಕದ ಕಾಡುಗಪ್ಪೆ ಚಳಿಗಾಲದಲ್ಲಿ ಎಲೆಗಳಡಿ ಹೆಪ್ಪುಗಟ್ಟುತ್ತದೆ, ಮೈಯ ನೀರಿನ ಬಹುಪಾಲು ಮಂಜಾಗಿ ಗುಂಡಿಗೆ ನಿಂತುಹೋಗುತ್ತದೆ; ರಕ್ತದಲ್ಲಿ ತುಂಬಿಕೊಂಡ ಸಕ್ಕರೆ ಜೀವಕೋಶಗಳನ್ನು ಕಾಯುತ್ತದೆ, ವಸಂತದಲ್ಲಿ ಗುಂಡಿಗೆ ಮತ್ತೆ ಹೊಡೆದುಕೊಳ್ಳುತ್ತದೆ. ಉತ್ತರ ಕನ್ನಡದ ಕತ್ತಲೆಕಾನಿನ ತೊರೆಗಳಲ್ಲಿ ಕುಂಬಾರ ಕಪ್ಪೆಯಿದೆ. ನಮ್ಮವರೇ ಆದ ಗುರುರಾಜ ಕೆ.ವಿ. ಮತ್ತು ಸಂಗಡಿಗರು 2014ರಲ್ಲಿ ಅದನ್ನು ಲೋಕಕ್ಕೆ ಪರಿಚಯಿಸಿದರು. ಹೆಣ್ಣು ಮೊಟ್ಟೆಯಿಟ್ಟು ಹೋದ ಮೇಲೆ ಗಂಡು ಮುಂಗೈಗಳಿಂದ ಕೆಸರು ಎತ್ತಿ ತಂದು ಮೊಟ್ಟೆಗಳ ಮೇಲೆ ಮೆತ್ತುತ್ತದೆ. ಆ ಕಗ್ಗತ್ತಲಲ್ಲಿ ತಂದೆಯೊಬ್ಬ ಮಾಡುವ ಗಾರೆ ಕೆಲಸ.

ನನಗೆ ಹೆಚ್ಚು ಇಷ್ಟವಾದದ್ದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ನೇರಳೆ ಕಪ್ಪೆ. ಹಂದಿಮೂತಿಯ, ಊದಿದ ಮೈಯ, ನೋಡಲು ಏನೂ ಚಂದವಿಲ್ಲದ ಪ್ರಾಣಿ. ವರ್ಷದ ಹೆಚ್ಚುಕಡಿಮೆ ಅಷ್ಟೂ ದಿನ ನೆಲದೊಳಗಿದ್ದು ಗೆದ್ದಲು ತಿನ್ನುತ್ತದೆ. ಮುಂಗಾರಿನ ಹೊತ್ತಿಗೆ ಮರಿ ಮಾಡಲು ಕೆಲವೇ ದಿನ ಮೇಲೆ ಬರುತ್ತದೆ. ಎಸ್.ಡಿ. ಬಿಜು ಮತ್ತು ಫ್ರಾಂಕಿ ಬಾಸ್ಸೈಟ್ 2003ರಲ್ಲಿ ಅದನ್ನು ವಿವರಿಸಿದಾಗ ತಿಳಿದದ್ದು, ಅದರ ಹತ್ತಿರದ ನೆಂಟರು ಇರುವುದು ಸಮುದ್ರದಾಚೆಯ ಸೇಶೆಲ್ಸ್ ದ್ವೀಪಗಳಲ್ಲಿ. ಎರಡೂ ಕವಲುಗಳು ಬೇರೆಯಾಗಿ 10 ಕೋಟಿ ವರ್ಷಗಳ ಮೇಲಾಗಿದೆ, ಅಂದರೆ ಡೈನೋಸಾರ್‌ಗಳಿದ್ದ ಕಾಲ. ನಮ್ಮ ಕಂಪನಿಗಳ ಭಾಷೆಯಲ್ಲಿ ಹೇಳುವುದಾದರೆ ಈ ಕಪ್ಪೆ ಇಡೀ ವರ್ಷ ಬೆಂಚ್ ಮೇಲೆ. ಯುಟಿಲೈಸೇಶನ್ ಶೇಕಡಾ ಎರಡೋ ಮೂರೋ. ಆದರೆ ಹಾಗೆ ಹೇಳುವಾಗ ನಾವು ಲೆಕ್ಕ ಹಾಕುತ್ತಿರುವುದು ಅದು ನಮ್ಮ ಕಣ್ಣಿಗೆ ಬಿದ್ದ ದಿನಗಳನ್ನು. ಕಪ್ಪೆಯ ಪಾಲಿಗೆ ನೆಲದೊಳಗಿನ ದಿನಗಳು ಬಿಡುವಲ್ಲ, ಅದರ ಬದುಕಿನ ಬಹುಪಾಲು ಅದೇ. ಈ ತಿಳಿವಳಿಕೆ ನಾನು ಕಾಣುವ ಮನುಷ್ಯರಿಗೂ ಸಲ್ಲುತ್ತದೆ. ಊರಿಂದ ಬಂದು ನಮ್ಮ ಫ್ಲ್ಯಾಟಿನ ಬಾಲ್ಕನಿಯಲ್ಲಿ ದಿನವಿಡೀ ಕೂರುವ ಹಿರಿಯರು, ‘ನಮ್ಮಿಂದೇನು ಉಪಯೋಗ ಇನ್ನು’ ಎಂದಾಗ ನಾವು ಗಡಿಬಿಡಿಯಲ್ಲಿ ‘ಛೆ, ನೀವಿದ್ದರೆ ಮಕ್ಕಳನ್ನು ನೋಡಿಕೊಳ್ಳಲು ಆಗುತ್ತದೆ’ ಎನ್ನುತ್ತೇವಲ್ಲ, ಅದು ಪ್ರೀತಿಯ ಮಾತೇ. ಆದರೂ ವಾಟ್ಸಾಪಿನಲ್ಲಿ ಬರೆದ ಸೊಳ್ಳೆಯ ಸಾಲಿಗೆ ಅದು ತಮ್ಮನಂತಿದೆ. ಮಕ್ಕಳು ದೊಡ್ಡವರಾದ ಮೇಲೆ?

ಹಾಗಾದರೆ ಉಪಯೋಗವನ್ನು ಬಿಟ್ಟರೆ ಬೇರೆ ಯಾವ ನೆಲದ ಮೇಲೆ ನಿಂತು ಮಾತಾಡುವುದು? ಪಶ್ಚಿಮದಲ್ಲಿ ಬೆಂಥಮ್ ಕೇಳಿದ ಪ್ರಶ್ನೆ ನೋವಿನದು: ಪ್ರಾಣಿಗೆ ಬುದ್ಧಿಯಿದೆಯೇ ಎಂದಲ್ಲ, ನೋವಾಗುತ್ತದೆಯೇ ಎಂದು ನೋಡಿ. ಅದು ಕಂದೀಲಿನ ಬೆಳಕಿನಲ್ಲಿ ಕಾಲು ಕತ್ತರಿಸಿಕೊಂಡ ಕಪ್ಪೆಯ ಪರ ನಿಲ್ಲುತ್ತದೆ, ಆದರೆ ಒಂದು ಕುಲವೇ ಸದ್ದಿಲ್ಲದೆ ಮುಗಿದುಹೋಗುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಜೈನರಲ್ಲಿ ಬರುವ ಕಪ್ಪೆಯ ಕತೆ ನನಗೆ ಇನ್ನೂ ಹತ್ತಿರ. ಮಹಾವೀರನ ದರ್ಶನಕ್ಕೆಂದು ಬಾಯಲ್ಲಿ ಹೂವಿನ ಎಸಳು ಕಚ್ಚಿಕೊಂಡು ಹೊರಟ ಕಪ್ಪೆ, ದಾರಿಯಲ್ಲಿ ರಾಜ ಶ್ರೇಣಿಕನ ಆನೆಯ ಕಾಲಡಿ ಸಿಕ್ಕಿ ಸತ್ತು ದೇವನಾಗಿ ಹುಟ್ಟುತ್ತದೆ. ಪುನರ್ಜನ್ಮ ನಂಬದವರೂ ಒಂದನ್ನು ಗಮನಿಸಬಹುದು: ಆ ಕಪ್ಪೆ ಎಲ್ಲಿಗೋ ಹೊರಟಿತ್ತು. ರಾಜನ ಮೆರವಣಿಗೆಗೆ ಸಂಬಂಧವಿಲ್ಲದ, ತನ್ನದೇ ಆದ ಒಂದು ಕೆಲಸ ಅದಕ್ಕಿತ್ತು.

ಶೃಂಗೇರಿಗೆ ಹೋದವರು ತುಂಗೆಯ ದಡದಲ್ಲಿ ಕಪ್ಪೆ ಶಂಕರವನ್ನು ನೋಡಿರುತ್ತೀರಿ. ಉರಿಬಿಸಿಲಲ್ಲಿ ಪ್ರಸವಕ್ಕೆ ಒದ್ದಾಡುತ್ತಿದ್ದ ಕಪ್ಪೆಗೆ ನಾಗರಹಾವು ಹೆಡೆಯೆತ್ತಿ ನೆರಳು ಕೊಟ್ಟದ್ದನ್ನು ಶಂಕರಾಚಾರ್ಯರು ಕಂಡು, ಪೀಠಕ್ಕೆ ಇದೇ ಜಾಗವೆಂದು ನಿಶ್ಚಯಿಸಿದರೆಂಬ ಕತೆ. ಇದನ್ನು ಸಾಮಾನ್ಯವಾಗಿ ಸ್ಥಳಮಹಿಮೆ ಎಂದು ಹೇಳುತ್ತಾರೆ, ವೈರವಿಲ್ಲದ ನೆಲ ಎಂದು. ನನಗೆ ಅದರಲ್ಲಿ ಕಾಣುವುದು ಹಾವು. ಕಪ್ಪೆಯಿಂದ ಏನು ಉಪಯೋಗ ಎಂದು ಹಾವಿಗೆ ಯಾರೂ ಹೇಳಿಕೊಡಬೇಕಿಲ್ಲ, ಅದರ ಇಡೀ ದೇಹವೇ ಆ ಉತ್ತರ. ಹಾಗೆ ಗೊತ್ತಿದ್ದೂ ಆ ಹೊತ್ತಿಗೆ ಅದು ಕಪ್ಪೆಯನ್ನು ಊಟವಾಗಿ ನೋಡಲಿಲ್ಲ, ಹೆರುತ್ತಿರುವ ಒಂದು ಜೀವವಾಗಿ ನೋಡಿತು. ಆಮೇಲೆ ಹಾವು ಸಸ್ಯಾಹಾರಿಯಾಯಿತೆಂದು ಕತೆ ಹೇಳುವುದಿಲ್ಲ. ಕತೆ ಕೇಳುವುದು ಅಷ್ಟು ದೊಡ್ಡದನ್ನಲ್ಲ.

ಕಪ್ಪೆಗೆ ಪ್ರಸವ ಎಲ್ಲಿಯದು, ಅದು ಮೊಟ್ಟೆ ಇಡುವ ಪ್ರಾಣಿ ಎಂದು ಜೀವಶಾಸ್ತ್ರ ಓದಿದವರು ಆಕ್ಷೇಪಿಸಬಹುದು. ಬಹುಪಾಲು ಕಪ್ಪೆಗಳ ಮಟ್ಟಿಗೆ ಅದು ಸರಿ. ಆದರೆ ಮರಿ ಹೆರುವವೂ ಇವೆ, ಅವುಗಳಲ್ಲಿ ಒಂದರ ಕತೆಯೇ ಈ ಪ್ರಶ್ನೆಯ ಅತ್ಯಂತ ಕಠಿಣ ರೂಪ. ಟಾಂಜಾನಿಯಾದ ಕಿಹಾನ್ಸಿ ಕಮರಿಯಲ್ಲಿ, ಜಲಪಾತದ ತುಂತುರು ಬೀಳುವ ಸುಮಾರು ಎರಡು ಹೆಕ್ಟೇರ್ ಜಾಗದಲ್ಲಿ, ಹೆಬ್ಬೆರಳಿನ ಉಗುರಿನಷ್ಟು ದೊಡ್ಡ ಹಳದಿ ನೆಲಗಪ್ಪೆಯೊಂದಿತ್ತು. ಲೋಕದಲ್ಲಿ ಬೇರೆಲ್ಲೂ ಇಲ್ಲ. 1996ರಲ್ಲಿ ಅದು ಕಣ್ಣಿಗೆ ಬೀಳುವ ಹೊತ್ತಿಗೆ ಮೇಲ್ಗಡೆ ಅಣೆಕಟ್ಟಿನ ಕೆಲಸ ನಡೆದಿತ್ತು. 180 ಮೆಗಾವ್ಯಾಟ್ ವಿದ್ಯುತ್ತು, ಬಡ ದೇಶವೊಂದಕ್ಕೆ ಸಣ್ಣ ಮಾತಲ್ಲ. ಅಣೆಕಟ್ಟು ಶುರುವಾದಾಗ ಜಲಪಾತದ ನೀರಿನ ಸುಮಾರು ಶೇಕಡಾ 90 ಬೇರೆ ದಾರಿ ಹಿಡಿಯಿತು, ತುಂತುರು ನಿಂತಿತು.

ಇಲ್ಲಿ ನಾನು ಕಪ್ಪೆಯ ಪರ ನಿಂತು ಅಣೆಕಟ್ಟು ಬೇಡವೆನ್ನಲಾರೆ. ಏಸಿ ರೂಮಿನಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಇದನ್ನು ಬರೆಯುವವನಿಗೆ, ದೀಪವಿಲ್ಲದ ಮನೆಗಳಿಗೆ ಉಪದೇಶ ಹೇಳುವ ಯೋಗ್ಯತೆ ಇಲ್ಲ. ಕರ್ನಾಟಕದ ಬಹುಪಾಲು ಬೆಳಕು ದಶಕಗಳ ಕಾಲ ಶರಾವತಿಯಿಂದ ಬಂದದ್ದು, ಅದಕ್ಕಾಗಿ ಮುಳುಗಿದ ಮನೆ, ಕಾಡುಗಳ ಲೆಕ್ಕ ಇನ್ನೂ ಮುಗಿದಿಲ್ಲ. ಟಾಂಜಾನಿಯಾದಲ್ಲಿ ಆದದ್ದು ಎರಡೂ ಅಲ್ಲದ ಒಂದು ಮೂರನೆಯದು. 2000ದ ಕೊನೆಗೆ ಸುಮಾರು 500 ಕಪ್ಪೆಗಳನ್ನು ಹಿಡಿದು ಅಮೆರಿಕದ ಮೃಗಾಲಯಗಳಿಗೆ ಒಯ್ದರು. ಕಮರಿಯಲ್ಲಿ ಬೆಟ್ಟದ ನೀರನ್ನು ಪೈಪುಗಳಲ್ಲಿ ಹರಿಸಿ, ಸ್ಪ್ರಿಂಕ್ಲರ್ ಇಟ್ಟು, ನಿಂತುಹೋದ ತುಂತುರನ್ನು ಕೈಯಾರೆ ಮಾಡಿದರು. ಸ್ವಲ್ಪ ಕಾಲ ಕಪ್ಪೆಗಳು ಚೇತರಿಸಿಕೊಂಡವು. 2003ರಲ್ಲಿ ದಿಢೀರನೆ ಕುಸಿದವು, ಅದೇ ಶಿಲೀಂಧ್ರ ರೋಗ ಅಲ್ಲಿಗೂ ತಲುಪಿತ್ತು. 2009ರಲ್ಲಿ ಕಾಡಿನಲ್ಲಿ ಅಳಿದುಹೋಗಿದೆ ಎಂದು ಘೋಷಿಸಿದರು. ಮೃಗಾಲಯಗಳಲ್ಲಿ ಸಾಕಿದವುಗಳ ಸಂತತಿಯನ್ನು 2012ರಿಂದ ಮರಳಿ ಕಮರಿಗೆ ಬಿಡಲು ಶುರುಮಾಡಿದರು.

ಒಂದು ನೆಲಗಪ್ಪೆಗೆ ಇಷ್ಟು ಖರ್ಚು ಯಾಕೆ ಎಂದು ಕೇಳಿದವರು ಬಹಳ. ಅದೇ ದುಡ್ಡಿನಲ್ಲಿ ಶಾಲೆ ಕಟ್ಟಬಹುದಿತ್ತು ಎಂಬುದು ತಳ್ಳಿಹಾಕುವ ಮಾತಲ್ಲ. ಆ ಕಪ್ಪೆಯಿಂದ ಔಷಧಿ ಬಂದಿಲ್ಲ, ಬೆಳೆ ಉಳಿದಿಲ್ಲ, ಎರಡು ಹೆಕ್ಟೇರಿನ ಸಣ್ಣ ಹುಳುಗಳನ್ನು ತಿನ್ನುವುದರಿಂದ ಯಾರ ಸೊಳ್ಳೆಯೂ ಕಡಿಮೆಯಾಗಿಲ್ಲ. ಅದರ ಹೆಸರಿನ ಮುಂದೆ ನಾನು ಬರೆಯಬಹುದಾದ ಸಾಲೇ ಇಲ್ಲ. ಆದರೂ ಯಾರೋ ಕೂತು, ನಾವು ಇದರಿಂದ ಏನನ್ನು ಕಿತ್ತುಕೊಂಡಿದ್ದೇವೆ ಎಂದು ಯೋಚಿಸಿ, ಕಿತ್ತುಕೊಂಡದ್ದು ತುಂತುರು ಎಂದು ಕಂಡುಕೊಂಡು, ಕಲ್ಲುಬಂಡೆಗಳ ಮೇಲೆ ಪೈಪು ಎಳೆದರು. ಕೆಳಗೆ ಟರ್ಬೈನುಗಳು ತಿರುಗುತ್ತಿರುವಾಗಲೇ ಮೇಲೆ ಆ ನಳಿಗೆಗಳಿಂದ ನೀರು ಚಿಮ್ಮಬೇಕು, ಹಗಲೂ ರಾತ್ರಿ, ಅಣೆಕಟ್ಟು ಇರುವಷ್ಟು ಕಾಲ.